ಹೂವಿನ ಡಿಸೈನರ್ ಕೈಗೆ ಸಿಗುವುದೆಷ್ಟು? ಸಂಬಳ ಏರುವುದು ಯಾವುದರಿಂದ?

ಎಸಳು_ಎಣಿಸುವವಳು

ನಾನು ಒಂದು ಹೂವಿನ ಸ್ಟುಡಿಯೋದಲ್ಲಿ ಸಹಾಯಕಿ. ಬಕೆಟ್ ತೊಳೆಯುವುದರಿಂದ ಶುರುಮಾಡಿ ಈಗ ಬೊಕೆ, ಟೇಬಲ್ ಅಲಂಕಾರ, ಕೋಟಿಗೆ ಸಿಕ್ಕಿಸುವ ಪುಟ್ಟ ಹೂಗುಚ್ಛ ಎಲ್ಲ ನಾನೇ ಮಾಡುತ್ತೇನೆ. ಈಗ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಹೂವಿನ ಅಂಗಡಿ. ತಿಂಗಳ ಸಂಬಳ, ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ. ಇನ್ನೊಂದು ಮದುವೆ, ಸಮಾರಂಭ ಮಾಡುವ ತಂಡ. ಅಲ್ಲಿ ದಿನದ ಲೆಕ್ಕ, ಕೆಲಸ ಇದ್ದಾಗ ಮಾತ್ರ ಕರೆಯುತ್ತಾರೆ. ದಿನಕ್ಕೆ ದಿನ ಹೋಲಿಸಿದರೆ ಎರಡನೆಯದು ಹೆಚ್ಚುಕಮ್ಮಿ ಡಬಲ್.

ಮನೆಯವರು ಹೇಳುವುದು ಒಂದೇ ಮಾತು: "ಇಷ್ಟು ಚೆನ್ನಾಗಿ ಮಾಡುತ್ತೀಯ, ಸಂಬಳ ಯಾಕೆ ಇಷ್ಟು ಕಡಿಮೆ?" ನನಗೂ ಉತ್ತರ ಗೊತ್ತಿಲ್ಲ.

ಕೇಳಬೇಕಾಗಿರುವುದು ಇಷ್ಟು. ಈ ಕೆಲಸದಲ್ಲಿ ಸಂಬಳ ನಿರ್ಧಾರ ಆಗುವುದು ಹೇಗೆ? ಕೈಚಳಕದಿಂದಲಾ, ಅನುಭವದಿಂದಲಾ, ಸರ್ಟಿಫಿಕೇಟ್‌ನಿಂದಲಾ? ಮೇಲಕ್ಕೆ ಹೋಗಲು ದಾರಿ ಇದೆಯಾ, ಇಲ್ಲ ಒಂದು ಹಂತಕ್ಕೆ ನಿಂತುಬಿಡುತ್ತದಾ? ಒಳಗಿನವರು ಬಿಚ್ಚಿ ಹೇಳಿ. "ಹೂವಿನ ಮೇಲೆ ಪ್ರೀತಿ ಇದ್ದರೆ ಸಾಕು" ಅನ್ನುವ ಉತ್ತರ ಮಾತ್ರ ಬೇಡ, ಅದು ದಿನಾ ಕೇಳುತ್ತಿದ್ದೇನೆ.

ಏಣಿ_ಮೇಲಿನವಳು

ಸಮಾರಂಭದ ಕೆಲಸವೇ ನನ್ನ ಕಸುಬು, ಹಾಗಾಗಿ ಮೊದಲು ಒಂದು ಮರುಪ್ರಶ್ನೆ. ಆ ತಂಡದವರ "ಒಂದು ದಿನ" ಅಂದರೆ ಎಷ್ಟು ಗಂಟೆ?

ಬೆಳಗಿನ ಜಾವ ಲೋಡ್ ಮಾಡಿ, ಜಾಗಕ್ಕೆ ಹೋಗಿ, ಕಟ್ಟಿ, ಕಾರ್ಯಕ್ರಮ ಮುಗಿಯುವ ತನಕ ಕಾದು, ರಾತ್ರಿ ಎಲ್ಲ ಬಿಚ್ಚಿ ವಾಪಸ್ ಬರುವಷ್ಟರಲ್ಲಿ 15 ಗಂಟೆ ಆರಾಮಾಗಿ ಆಗುತ್ತದೆ. ಅಂಗಡಿಯ 8 ಗಂಟೆಗೆ ಒಂದು ಪಾಲು, ಇಲ್ಲಿ 15 ಗಂಟೆಗೆ ಎರಡು ಪಾಲು. ಗಂಟೆಗೆ ಹಾಕಿ ನೋಡಿ. ಡಬಲ್ ಎಲ್ಲಿಗೆ ಹೋಯಿತು?

ಬೇಡ ಅನ್ನುತ್ತಿಲ್ಲ. ನಾನು ಅಂಗಡಿಗೆ ವಾಪಸ್ ಹೋಗುವವಳಲ್ಲ. ಆದರೆ ದಿನದ ದರ ನೋಡಿ ಮರುಳಾಗಬೇಡಿ.

ಕತ್ತರಿ_ಕೈ

ನಾನು ಅಂಗಡಿ ನಡೆಸುವವನು. ಸಂಬಳ ಯಾಕೆ ಕಡಿಮೆ ಅನ್ನುವುದಕ್ಕೆ ಉತ್ತರ ಬೊಕೆಯ ಬೆಲೆಯಲ್ಲೇ ಇದೆ, ಬಿಡಿಸಿ ಹೇಳುತ್ತೇನೆ.

ಈ ವ್ಯಾಪಾರದಲ್ಲಿ ಬಹಳ ಕಾಲದಿಂದ ನಡೆದುಬಂದ ಲೆಕ್ಕ ಹೀಗಿದೆ. ಹೂವನ್ನು ಸಗಟು ಬೆಲೆಯ 3ರಿಂದ 3.5 ಪಟ್ಟಿಗೆ ಮಾರಬೇಕು. ಹೂದಾನಿ, ದಂಟು ಚುಚ್ಚಿ ನಿಲ್ಲಿಸುವ ಫೋಮ್, ರಿಬ್ಬನ್ ಇವಕ್ಕೆ 2 ಪಟ್ಟು ಸಾಕು. ಇದರ ಮೇಲೆ ಕೈಕೆಲಸಕ್ಕೆ ಅಂತ 20ರಿಂದ 25 ಪರ್ಸೆಂಟ್. ಮದುವೆಯಂಥ ಕೆಲಸಕ್ಕೆ ಇನ್ನೂ ಜಾಸ್ತಿ. ಕೇಳಿದವರು "ಅಬ್ಬಾ, ಮೂರು ಪಟ್ಟಾ!" ಅನ್ನುತ್ತಾರೆ. ಕೊಳೆತು ಎಸೆಯುವ ಹೂವಿನ ದುಡ್ಡೂ ಅದರೊಳಗೇ ಬರಬೇಕು ಅನ್ನುವುದು ಅವರಿಗೆ ಕಾಣುವುದಿಲ್ಲ.

ಈಗ 100ರ ಮಾರಾಟ ಆಯಿತು ಅಂದುಕೊಳ್ಳಿ. ಹೂವು, ಸಾಮಾನು ಸೇರಿ 30ರಿಂದ 35 ಹೋಯಿತು. ಸಂಬಳಕ್ಕೆ ಸುಮಾರು 30. ಬಾಡಿಗೆ, ಹೂ ಇಡುವ ಕೂಲರ್‌ನ ಕರೆಂಟು, ಗಾಡಿ, ಕಾರ್ಡ್ ಶುಲ್ಕ, ಜಾಹೀರಾತು ಅಂತ 25ರಿಂದ 30. ಅಂಗಡಿ ಚೆನ್ನಾಗಿ ನಡೆದರೆ ಉಳಿಯುವುದು 5ರಿಂದ 10. ನಿಮ್ಮ ಸಂಬಳ ಬರುವುದು ಆ 30ರಿಂದ. ಅದರಲ್ಲೇ ಕೌಂಟರ್‌ನಲ್ಲಿ ಕೂತವರು, ಡೆಲಿವರಿ ಹುಡುಗ, ಬಕೆಟ್ ತೊಳೆಯುವವರು ಎಲ್ಲರಿಗೂ ಪಾಲು.

ಹಾಗಾದರೆ ಡಿಸೈನರ್ ಸಂಬಳ ಏರುವುದು ಯಾವಾಗ? ಅವರ ಒಂದು ಗಂಟೆಯಿಂದ ಹೊರಬರುವ ಮಾಲು ಜಾಸ್ತಿ ಆದಾಗ. ಗಂಟೆಗೆ 3 ಬೊಕೆ ಮಾಡುವವರಿಗೂ 5 ಮಾಡುವವರಿಗೂ ಒಂದೇ ಸಂಬಳ ಕೊಟ್ಟರೆ ಎರಡನೆಯವರು ನನ್ನ ಹತ್ತಿರ ನಿಲ್ಲುವುದಿಲ್ಲ.

ಇನ್ನೊಂದು ವಿಷಯ, ಡಿಸೈನರ್‌ಗಳಿಗೆ ಕೇಳಲು ಇಷ್ಟವಾಗದ್ದು. ಹೆಚ್ಚುವರಿ ದಂಟು. ಒಂದು ದಂಟು 10ಕ್ಕೆ ತಂದದ್ದು, 35ಕ್ಕೆ ಮಾರುತ್ತೇನೆ. 12 ದಂಟಿನ ಬೊಕೆ ಅಂದರೆ 420, ಕೈಕೆಲಸ ಸೇರಿ 504. ಇದರಲ್ಲಿ ಎಲ್ಲ ಖರ್ಚು ಕಳೆದು ನನಗೆ ಉಳಿಯುವುದು 8 ಪರ್ಸೆಂಟ್ ಅಂದರೂ ಸುಮಾರು 40. "ಸ್ವಲ್ಪ ಖಾಲಿ ಕಾಣುತ್ತಿದೆ" ಅಂತ ಎರಡು ದಂಟು ಸುಮ್ನೆ ಸೇರಿಸಿದರೆ 20 ಹೋಯಿತು. ಲಾಭದ ಅರ್ಧ. ಬಿಲ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ದಿನವಿಡೀ ಹೀಗೆ ಮಾಡುವವರ ಕೈ ಎಷ್ಟೇ ಚೆಂದವಿದ್ದರೂ ಸಂಬಳ ಏರಿಸಲು ನನ್ನ ಹತ್ತಿರ ದುಡ್ಡೇ ಇರುವುದಿಲ್ಲ.

ಮುಳ್ಳಿನ_ಮಾತು

ಕತ್ತರಿ ಕೈ ಅವರೇ, ಲೆಕ್ಕ ಸರಿ. ಆದರೆ ಈ ಲೆಕ್ಕದ ಭಾರ ಯಾವಾಗಲೂ ಡಿಸೈನರ್ ತಲೆಗೇ ಯಾಕೆ? ಬಾಡಿಗೆ ಏರಿದಾಗ ಬೊಕೆ ಬೆಲೆ ಏರುತ್ತದೆ. ಡೀಸೆಲ್ ಏರಿದಾಗ ಡೆಲಿವರಿ ಚಾರ್ಜ್ ಏರುತ್ತದೆ. ಡಿಸೈನರ್ ಬಾಯಿ ತೆಗೆದಾಗ ಮಾತ್ರ "ಮಾರುಕಟ್ಟೆ ಸರಿಯಿಲ್ಲ".

ಎಷ್ಟೋ ಕಡೆ ಕೈಕೆಲಸದ 20 ಪರ್ಸೆಂಟ್ ಅನ್ನು ಬಿಲ್‌ಗೆ ಹಾಕುವುದೇ ಇಲ್ಲ. ಗಿರಾಕಿ ಓಡಿಹೋಗುತ್ತಾನೆ ಅನ್ನುವ ಹೆದರಿಕೆ. ಅಂದರೆ ಮಾಲೀಕರೇ ನಮ್ಮ ಕೆಲಸವನ್ನು ಫ್ರೀ ಕೊಟ್ಟ ಹಾಗಾಯಿತು. ಮೇಲಾಗಿ ಈ ಕೆಲಸದಲ್ಲಿ ಇರುವವರು ಬಹುಪಾಲು ಹೆಂಗಸರು. "ಹವ್ಯಾಸ ಥರ ಅಲ್ವಾ, ಖುಷಿಯಾಗಿರುತ್ತದೆ" ಅಂದುಬಿಟ್ಟರೆ ಸಂಬಳದ ಮಾತು ಅಲ್ಲಿಗೇ ಮುಗಿಯಿತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ, ಕಟ್ಟಿದ ಕೈ ಮಾತ್ರ ಇಲ್ಲೇ ಉಳಿಯುತ್ತದೆ.

ಕತ್ತರಿ_ಕೈ

ಕೈಕೆಲಸದ ದರ ಹಾಕದ ಅಂಗಡಿಗಳು ಇವೆ, ನಿಜ. ಅಂಥ ಕಡೆ ಕೆಲಸಕ್ಕೆ ಸೇರಲೇಬೇಡಿ ಅಂತ ನಾನೇ ಹೇಳುತ್ತೇನೆ. ಇಂಟರ್ವ್ಯೂನಲ್ಲಿ ಒಂದು ಪ್ರಶ್ನೆ ಕೇಳಿ ಸಾಕು: "ನಿಮ್ಮಲ್ಲಿ ಬೆಲೆ ಹೇಗೆ ಕಟ್ಟುತ್ತೀರಿ?" ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ. ಅಲ್ಲಿ ಬೆಲೆ ಕಟ್ಟುವುದು ಪಕ್ಕದ ಅಂಗಡಿಯನ್ನು ನೋಡಿ.

ಬಾರ್‌ಕೋಡ್_ಗುಲಾಬಿ

ಸೂಪರ್‌ಮಾರ್ಕೆಟ್ ಹೂವಿನ ವಿಭಾಗದಲ್ಲಿ ಇರುವವರು ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ.

ಸ್ವಂತ ಅಂಗಡಿಯವರು ನಮ್ಮನ್ನು ನೋಡಿ ಮೂಗು ಮುರಿಯುತ್ತಾರೆ. ಗೊಂಚಲುಗಳು ಕಟ್ಟಿಕೊಂಡೇ ಬರುತ್ತವೆ, ನಾವು ನೀರಿಗೆ ಹಾಕಿ ಲೇಬಲ್ ಅಂಟಿಸುತ್ತೇವೆ ಅಷ್ಟೇ ಅನ್ನುತ್ತಾರೆ. ಅರ್ಧ ನಿಜ. ಆದರೆ ನನಗೆ ಗಂಟೆ ಮುಗಿದ ಮೇಲೆ ಓವರ್‌ಟೈಮ್ ಇದೆ. ಸಂಬಳ ಸಹಿತ ರಜೆ ಇದೆ. ವಿಮೆ ಇದೆ. ವಿಭಾಗದ ಮ್ಯಾನೇಜರ್ ಆದರೆ ಸಂಬಳದ ಶ್ರೇಣಿಯೇ ಬೇರೆ. ಇದನ್ನೆಲ್ಲ ದುಡ್ಡಿಗೆ ಹಾಕಿ ನೋಡಿ, ಆಮೇಲೆ ಅಂಗಡಿಯ ಸಂಬಳದ ಜೊತೆ ಹೋಲಿಸಿ. ತುಂಬ ಜನ ಬರೀ ಕೈಗೆ ಬರುವ ಮೊತ್ತ ನೋಡುತ್ತಾರೆ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಹೂವಿನ ಡಿಸೈನರ್‌ಗಳನ್ನು ಬೇರೆಯೇ ವೃತ್ತಿಯಾಗಿ ಎಣಿಸುತ್ತದೆ. ಅಲ್ಲಿ ಈ ಕೆಲಸದವರ ಮಧ್ಯಮ ಸಂಬಳ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) ಎಲ್ಲ ವೃತ್ತಿಗಳ ಮಧ್ಯಮ ಸಂಬಳದ ಸುಮಾರು ಮುಕ್ಕಾಲು ಪಾಲು. ಕೆಲಸಗಳ ಸಂಖ್ಯೆ ಇಳಿಯುತ್ತದೆ ಅಂತಲೂ ಅವರ ಅಂದಾಜು. ಜನ ಬಿಡಿ ಗೊಂಚಲು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವುದು ಇದಕ್ಕೆ ಒಂದು ಕಾರಣ. ಅಂದರೆ ನಾವು ಲೇಬಲ್ ಅಂಟಿಸುವವರೇ ನಿಮ್ಮ ಸಂಬಳಕ್ಕೆ ಕತ್ತರಿ ಹಾಕುತ್ತಿದ್ದೇವೆ. ಬೈದುಕೊಳ್ಳಬೇಡಿ.

ಕೊರತೆ ಇಲ್ಲ ಅಂತಲ್ಲ. ಹೊಸದೇನೂ ಕಲಿಯಲು ಸಿಗುವುದಿಲ್ಲ. ಎರಡು ವರ್ಷ ಇಲ್ಲೇ ಇದ್ದರೆ ಕೈ ಮೊಂಡಾಗುತ್ತದೆ.

ಜಮಾ_ಖರ್ಚು

ನಾನು ಹೂ ಮುಟ್ಟುವವನಲ್ಲ. ಕೆಲವು ಹೂವಿನ ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಸಂಬಳ ಕೊಡಲು ಆಗುವ ಅಂಗಡಿ ಯಾವುದು, ಆಗದ ಅಂಗಡಿ ಯಾವುದು ಅಂತ ಲೆಕ್ಕದ ಪುಸ್ತಕದ ಒಂದೇ ಸಾಲು ನೋಡಿ ಹೇಳಬಹುದು. ಆರ್ಡರ್‌ಗಳು ಎಲ್ಲಿಂದ ಬರುತ್ತಿವೆ ಅನ್ನುವ ಸಾಲು.

ದೂರದ ಊರಿನವರು ಇಲ್ಲಿಯವರಿಗೆ ಹೂ ಕಳಿಸುವ ವ್ಯವಸ್ಥೆ ಹಳೆಯದು. 1910ರಲ್ಲಿ ಅಮೆರಿಕದ ಕೆಲವು ಅಂಗಡಿಯವರು ಸೇರಿ ಟೆಲಿಗ್ರಾಂ ಮೂಲಕ ಆರ್ಡರ್ ಹಂಚಿಕೊಳ್ಳಲು ಎಫ್‌ಟಿಡಿ ಅನ್ನುವ ಸಂಘ ಕಟ್ಟಿದರು. ಅಂಥ ಜಾಲದ ಹಳೆಯ ಹಂಚಿಕೆ ಹೀಗೆ: ಗಿರಾಕಿ ಕೊಟ್ಟ 100ರಲ್ಲಿ ಆರ್ಡರ್ ತೆಗೆದುಕೊಂಡ ಅಂಗಡಿಗೆ 20, ಜಾಲಕ್ಕೆ 7ರ ಆಸುಪಾಸು, ನಿಜವಾಗಿ ಬೊಕೆ ಮಾಡಿ ತಲುಪಿಸುವ ಅಂಗಡಿಗೆ 73.

ಗಿರಾಕಿ ಕೊಟ್ಟದ್ದು 100, ಹಾಗಾಗಿ 100ರ ಬೊಕೆಯೇ ಆಗಬೇಕು. ಹೂವು, ಸಾಮಾನಿಗೆ 33 ಹೋಯಿತು, 40 ಉಳಿಯಿತು. ಸಂಬಳಕ್ಕೆ 30 ಹೋದರೆ ಉಳಿದದ್ದು 10. ಬಾಡಿಗೆ, ಕರೆಂಟು, ಗಾಡಿಗೆ ಬೇಕಾದ 25 ಎಲ್ಲಿಂದ ತರುತ್ತೀರಿ? ಈಗಿನ ಕೆಲವು ಮಧ್ಯವರ್ತಿ ವೆಬ್‌ಸೈಟ್‌ಗಳು ಸೇವಾ ಶುಲ್ಕ ಅಂತ ಮೇಲಿಂದ ಇನ್ನೂ ಕೀಳುತ್ತವೆ.

ಕೆಲಸ ಇಲ್ಲದೆ ಕೂತ ಹೊತ್ತಿನಲ್ಲಿ ಇಂಥ ಆರ್ಡರ್ ಬಂದರೆ ಒಳ್ಳೆಯದೇ, ಸಂಬಳ ಹೇಗೂ ಕೊಡಬೇಕು. ಆದರೆ ಅಂಗಡಿ ಅದರ ಮೇಲೇ ನಿಂತಿದ್ದರೆ ಡಿಸೈನರ್ ದಿನವಿಡೀ ಬೆವರು ಸುರಿಸಿದರೂ ಮಾಲೀಕನಿಗೆ ಏನೂ ಗಿಟ್ಟುವುದಿಲ್ಲ. ಅಲ್ಲಿ ಸಂಬಳ ಜಾಸ್ತಿ ಕೇಳಿ ಪ್ರಯೋಜನವಿಲ್ಲ. ಕೆಟ್ಟ ಮನಸ್ಸಲ್ಲ, ಗಲ್ಲಾಪೆಟ್ಟಿಗೆ ಖಾಲಿ.

ಅರೆಬಿರಿದ_ಮೊಗ್ಗು

ಹೊಸಬ ನಾನು. ಯಾರೂ ಹೇಳದ ಒಂದು ವಿಷಯ: ದಿನದಲ್ಲಿ ಅರ್ಧ ಹೊತ್ತು ಡಿಸೈನ್ ಅನ್ನುವುದೇ ಇಲ್ಲ!

ಪೆಟ್ಟಿಗೆ ಬಂದ ತಕ್ಷಣ ಬಿಚ್ಚಬೇಕು. ನೀರಿನೊಳಗೆ ಬರುವ ಎಲೆಯನ್ನೆಲ್ಲ ಕಿತ್ತು, ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಶುಚಿಯಾದ ಬಕೆಟ್‌ಗೆ ಹಾಕಬೇಕು. ಡ್ಯಾಫೋಡಿಲ್ ದಂಟಿನಿಂದ ಲೋಳೆ ಬರುತ್ತದೆ, ಅದನ್ನು ಟುಲಿಪ್ ಜೊತೆ ಒಂದೇ ನೀರಿಗೆ ಹಾಕಿದರೆ ಟುಲಿಪ್ ಹಾಳು. ಗುಲಾಬಿ ಕೂಲರ್‌ನಲ್ಲಿ 1ರಿಂದ 4 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಆಂಥೂರಿಯಂ ಅನ್ನು ಅದೇ ಕೂಲರ್‌ಗೆ ತಳ್ಳಿದರೆ ಕಪ್ಪಾಗುತ್ತದೆ. ಆಲ್‌ಸ್ಟ್ರೋಮೀರಿಯಾದ ರಸ ಕೈಗೆ ತಾಗಿ ತಾಗಿ ಬೆರಳ ತುದಿ ಒಡೆಯುತ್ತದೆ, ಕೆಲವರಿಗೆ ಅದು ಅಲರ್ಜಿಯಾಗಿ ಕಸುಬೇ ಬಿಡಬೇಕಾಗುತ್ತದೆ. ಕೈಗವಸು ಯಾವುದು ಅಂತ ನೋಡಿ ಕೊಳ್ಳಬೇಕಂತೆ, ನೈಟ್ರೈಲ್ ಆದರೆ ವಾಸಿ.

ನನ್ನ ಪ್ರಶ್ನೆ ಇದು. ಈ ಕೆಲಸಕ್ಕೆ ದುಡ್ಡು ಕೊಡುವುದು ಯಾರು? ಬೊಕೆಗೆ ಇಷ್ಟು ಅಂತ ಬಿಡಿ ಲೆಕ್ಕದಲ್ಲಿ ದುಡಿಯುವವರಿಗೆ ಇದು ಪೂರ್ತಿ ಫ್ರೀ ದುಡಿಮೆ ಅಲ್ವಾ?

ಏಣಿ_ಮೇಲಿನವಳು

ಮೊಗ್ಗು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಸಮಾರಂಭದ ಕೆಲಸದಲ್ಲಿ ದುಡ್ಡು ಸೋರುವುದೇ ಇಲ್ಲಿ.

ಶನಿವಾರ ಮದುವೆ ಅಂದುಕೊಳ್ಳಿ. ಪಿಯೋನಿ ಬರುವುದು ಗಟ್ಟಿ ಮೊಗ್ಗಾಗಿ, ಮಂಗಳವಾರ ಬುಧವಾರವೇ ಕೈಗೆ ಬಂದರೆ ಶನಿವಾರ ಅರಳಿ ನಿಲ್ಲುತ್ತದೆ. ಗುಲಾಬಿ ಅರಳಲು ಎರಡು ಮೂರು ದಿನ ಬೇಕು. ಹೈಡ್ರೇಂಜಿಯಾ ಮಾತ್ರ ಕೊನೆಗೆ. ಅದು ಯಾವಾಗ ತಲೆ ಬಾಗಿಸುತ್ತದೋ ಹೇಳಲು ಬರುವುದಿಲ್ಲ, ಬಾಗಿದರೆ ಇಡೀ ಹೂವನ್ನೇ ನೀರಿನಲ್ಲಿ ಮುಳುಗಿಸಿ ಎಬ್ಬಿಸಬೇಕು. ಗುರುವಾರ ಹೂದಾನಿ, ಪಾತ್ರೆ ಸಿದ್ಧ. ಶುಕ್ರವಾರ ಟೇಬಲ್ ಅಲಂಕಾರ. ವಧುವಿನ ಬೊಕೆ ಶುಕ್ರವಾರ ರಾತ್ರಿ ಇಲ್ಲ ಶನಿವಾರ ನಸುಕಿನಲ್ಲಿ. ಆಮೇಲೆ ಕಮಾನು, ಏಣಿ, ತಂತಿ, ಕೇಬಲ್ ಟೈ. ಭಾನುವಾರ ಬಾಡಿಗೆ ಹೂದಾನಿಗಳನ್ನು ತೊಳೆದು ಎಣಿಸಿ ವಾಪಸ್. ಇದಕ್ಕೂ ಮುಂಚೆ ಗಿರಾಕಿಯ ಜೊತೆ ಮಾತುಕತೆ, ಮಾದರಿ ಮಾಡಿ ತೋರಿಸುವುದು, ಬಣ್ಣ ಬದಲಾಯಿಸಿದಾಗ ಮತ್ತೆ ಲೆಕ್ಕ.

ಒಂದು ಶನಿವಾರಕ್ಕೆ ಒಂದು ವಾರ. ಸ್ವತಂತ್ರವಾಗಿ ಮಾಡುವ ಹೊಸಬರು ದರ ಹೇಳುವಾಗ ಶನಿವಾರವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಅದಕ್ಕೇ ಕೆಲಸ ತುಂಬ, ಬ್ಯಾಂಕ್ ಖಾಲಿ. ಬಾಡಿಗೆ ಡಿಸೈನರ್ ಆಗಿ ಬೇರೆಯವರ ತಂಡಕ್ಕೆ ಹೋಗುವವರ ಸ್ಥಿತಿ ಇದಕ್ಕಿಂತ ವಾಸಿ, ಯಾಕೆಂದರೆ ಅವರು ಹಾಜರಿದ್ದ ಗಂಟೆಗೆಲ್ಲ ದುಡ್ಡು. ಆದರೆ ವಿಮೆ, ತೆರಿಗೆ, ರಜೆ, ಕೆಲಸ ಇಲ್ಲದ ತಿಂಗಳು ಎಲ್ಲ ಅವರದೇ ಜೇಬು. ಗಂಟೆ ದರ ನೌಕರನ ಒಂದೂವರೆ ಪಟ್ಟಾದರೂ ಇಲ್ಲದಿದ್ದರೆ ನಷ್ಟ ಅನ್ನುವುದು ನನ್ನ ಲೆಕ್ಕ. ಬೇರೆಯವರು ಬೇರೆ ಹೇಳಬಹುದು.

ಫೋಮ್ ವಿಷಯವೂ ಸೇರಿಸುತ್ತೇನೆ, ಇದು ಸಂಬಳಕ್ಕೆ ನೇರ ಸಂಬಂಧ. 1954ರಲ್ಲಿ ಸ್ಮಿದರ್ಸ್ ಕಂಪನಿ ಹಸಿರು ಫೋಮ್ ತಂದ ಮೇಲೆ ಹೂ ನಿಲ್ಲಿಸುವುದು ಸಲೀಸಾಯಿತು. ಚುಚ್ಚಿದರೆ ನಿಲ್ಲುತ್ತದೆ. ಅದು ಪ್ಲಾಸ್ಟಿಕ್, ಮಣ್ಣಿನಲ್ಲಿ ಕರಗುವುದಿಲ್ಲ ಅಂತ ಈಗ ಬಿಡುತ್ತಿದ್ದಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಫೋಮ್ ನಿಷೇಧಿಸಿತು. ನನಗೂ ಖುಷಿಯೇ. ಆದರೆ ಕೋಳಿಗೂಡಿನ ತಂತಿ ಜಾಲರಿ, ಮೊಳೆಪೀಠ (ದಂಟು ಚುಚ್ಚಿ ನಿಲ್ಲಿಸುವ ಮುಳ್ಳುಗಳ ತಟ್ಟೆ), ನೀರಿನ ಕೊಳವೆ ಇಟ್ಟು ಮಾಡಿದರೆ ಅದೇ ಕೆಲಸಕ್ಕೆ ಹೊತ್ತು ಜಾಸ್ತಿ ಬೇಕು. "ಫೋಮ್ ಇಲ್ಲದ ಅಲಂಕಾರ" ಅಂತ ಬೋರ್ಡ್ ಹಾಕುವವರು ಆ ಹೊತ್ತಿಗೆ ದುಡ್ಡು ಕೇಳುವುದನ್ನು ಮರೆತುಬಿಡುತ್ತಾರೆ.

ಹಸಿರು_ಪಾಠ

ಸರ್ಟಿಫಿಕೇಟ್ ಬಗ್ಗೆ ಕೇಳಿದ್ದರು. ಪಾಠ ಹೇಳುವವಳಾಗಿ ನಾನು ಸರ್ಟಿಫಿಕೇಟ್ ಪರ ಇರಬೇಕು, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅದು ಯಾವ ದೇಶದಲ್ಲಿ ಇದ್ದೀರಿ ಅನ್ನುವುದರ ಮೇಲಿದೆ.

ಜರ್ಮನಿಯಲ್ಲಿ ಫ್ಲೋರಿಸ್ಟ್ ಅಂದರೆ ಕಲಿತು ಪಾಸಾಗಬೇಕಾದ ವೃತ್ತಿ. ಸಾಮಾನ್ಯವಾಗಿ 3 ವರ್ಷ, ಅಂಗಡಿಯಲ್ಲಿ ದುಡಿಮೆ, ಜೊತೆಗೆ ವೃತ್ತಿ ಶಾಲೆ. ಅದರ ಮೇಲೆ ಮೈಸ್ಟರ್, ಅಂದರೆ ಕಸುಬಿನಲ್ಲಿ ಪಳಗಿದವರು ಅನ್ನಿಸಿಕೊಳ್ಳುವ ಪರೀಕ್ಷೆ. ಜಪಾನಿನ ಇಕೆಬಾನಾ ಅನ್ನುವ ಹೂ ಜೋಡಣೆಯ ಪರಂಪರೆಗಳಲ್ಲಿ ಹಂತ ಹಂತದ ಪದವಿ ಪಡೆದವರಿಗೆ ಕಲಿಸುವ ಅಧಿಕಾರ ಬರುತ್ತದೆ, ಆದಾಯ ಬಹುಪಾಲು ಪಾಠದಿಂದಲೇ. ಅಮೆರಿಕದಲ್ಲಿ ಇದ್ಯಾವುದೂ ಕಡ್ಡಾಯವಲ್ಲ. ಬಹಳ ಕಾಲ ಲೂಸಿಯಾನ ಒಂದೇ ರಾಜ್ಯ ಹೂ ಜೋಡಿಸಲು ಲೈಸೆನ್ಸ್ ಕೇಳುತ್ತಿತ್ತು. ಪರೀಕ್ಷಕರ ಮುಂದೆ ಹೂ ಜೋಡಿಸಿ ತೋರಿಸಬೇಕಿತ್ತು. ಆ ಪ್ರಾಯೋಗಿಕ ಪರೀಕ್ಷೆಯನ್ನು 2010ರಲ್ಲಿ ಕೈಬಿಟ್ಟರು. ಉಳಿದ ಕಡೆ ಎಐಎಫ್‌ಡಿ ಇದೆ, 1965ರಲ್ಲಿ ಶುರುವಾದ ಡಿಸೈನರ್‌ಗಳ ಸಂಸ್ಥೆ. ಅದರ ಮನ್ನಣೆ ಪಡೆದವರು ಹೆಸರಿನ ಕೊನೆಗೆ ಆ ಅಕ್ಷರ ಹಾಕಿಕೊಳ್ಳುತ್ತಾರೆ.

ಆ ಅಕ್ಷರದಿಂದ ಅಂಗಡಿಯ ಕೌಂಟರ್‌ನಲ್ಲಿ ಸಂಬಳ ಏರುವುದನ್ನು ನಾನು ನೋಡಿದ್ದು ಕಡಿಮೆ. ಬೊಕೆ ಕೊಳ್ಳುವವರು ಸರ್ಟಿಫಿಕೇಟ್ ಕೇಳುವುದಿಲ್ಲ. ಪಾಠ ಮಾಡಲು, ಪ್ರದರ್ಶನದಲ್ಲಿ ತೀರ್ಪು ಕೊಡಲು, ಹೂವಿನ ಕಂಪನಿಗಳ ಪರವಾಗಿ ವೇದಿಕೆ ಮೇಲೆ ಮಾಡಿ ತೋರಿಸಲು ಹೋದಾಗ ಮಾತ್ರ ಅದಕ್ಕೆ ಬೆಲೆ. ಅದು ಬೇರೆಯೇ ಆದಾಯ, ಬೇರೆಯೇ ಕೆಲಸ.

ಮೇಲಕ್ಕೆ ದಾರಿ ಇದೆಯಾ ಅಂದಿರಿ. ಕಾನ್‌ಸ್ಟನ್ಸ್ ಸ್ಪ್ರೈ ಅವರನ್ನು ನೋಡಿ. ಹುಟ್ಟಿದ್ದು 1886ರಲ್ಲಿ. ಲಂಡನ್ನಿನಲ್ಲಿ ಕಾರ್ಖಾನೆ ಹುಡುಗಿಯರ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದವರು, ನಲವತ್ತು ದಾಟಿದ ಮೇಲೆ ಹೂವಿನ ಅಂಗಡಿ ತೆರೆದರು. ಕೋಸಿನ ಎಲೆ, ಬೇಲಿಯ ಗಿಡ, ಕಾಯಿ ಬಿಟ್ಟ ಕೊಂಬೆಗಳನ್ನೂ ಅಲಂಕಾರಕ್ಕೆ ತಂದರು. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ಹೂವೂ ಅವರದೇ. ಅವರು ಬರೀ ಬೊಕೆ ಮಾರಿ ಆ ಎತ್ತರಕ್ಕೆ ಹೋಗಲಿಲ್ಲ. ಅಂಗಡಿಯ ಜೊತೆ ಶಾಲೆ ನಡೆಸಿದರು, ಪುಸ್ತಕ ಬರೆದರು, ಭಾಷಣಕ್ಕೆ ಹೋದರು. ಇವತ್ತಿಗೂ ಚೆನ್ನಾಗಿ ದುಡಿಯುವ ಡಿಸೈನರ್‌ಗಳ ಆದಾಯ ಹೀಗೇ ನಾಲ್ಕು ಕಡೆಯಿಂದ ಬರುವಂಥದ್ದು. ಒಂದೇ ಕುರ್ಚಿಯಲ್ಲಿ ಕೂತು ಒಂದೇ ಸಂಬಳ ಏರುತ್ತಾ ಹೋಗುವುದು ಅಪರೂಪ.

ಎಸಳು_ಎಣಿಸುವವಳು

ಓದಿ ತಲೆ ಸ್ವಲ್ಪ ತಿಳಿಯಾಯಿತು, ಥ್ಯಾಂಕ್ಸ್. ಸಮಾರಂಭದ ತಂಡಕ್ಕೆ ಫೋನ್ ಮಾಡಿ ಕೇಳಿದೆ. "ದಿನ ಅಂದರೆ ಮುಗಿಯುವ ತನಕ" ಅಂದರು! ಏಣಿ ಮೇಲಿನವರು ಹೇಳಿದ್ದೇ ಆಯಿತು.

ಅಂಗಡಿಯವರು ಬೆಲೆ ಕಟ್ಟುವ ಲೆಕ್ಕವನ್ನು ತೆರೆದು ತೋರಿಸಿದರು. ಕೈಕೆಲಸದ ಸಾಲು ಬೇರೆ ಇದೆ. ದೂರದ ಊರಿನ ಆರ್ಡರ್ ಕಡಿಮೆ. 6 ತಿಂಗಳಾದ ಮೇಲೆ ಸಂಬಳ ನೋಡೋಣ ಅಂದಿದ್ದಾರೆ. "ನೋಡೋಣ" ಅನ್ನುವ ಮಾತಿಗೆ ಏನು ಅರ್ಥ? ಆಗ ಏನಂತ ಕೇಳಬೇಕು?

ಕತ್ತರಿ_ಕೈ

"ನೋಡೋಣ" ಅಂದರೆ ನೀವು ಕೇಳದಿದ್ದರೆ ನೋಡುವುದಿಲ್ಲ ಅಂತ ಅರ್ಥ. ಮಾಲೀಕನಾಗಿ ಹೇಳುತ್ತಿದ್ದೇನೆ.

"ಚೆನ್ನಾಗಿ ಮಾಡುತ್ತೇನೆ, ಗಿರಾಕಿಗಳು ಹೊಗಳುತ್ತಾರೆ" ಅಂತ ಬಂದರೆ ನಾನು ತಲೆಯಾಡಿಸಿ ಕಳಿಸುತ್ತೇನೆ. ಇವತ್ತಿನಿಂದಲೇ ಒಂದು ಪುಸ್ತಕ ಇಡಿ. ಎಷ್ಟು ಗಂಟೆ ಬೆಂಚಿನ ಮುಂದೆ ನಿಂತಿರಿ, ಆ ಗಂಟೆಗಳಲ್ಲಿ ಎಷ್ಟು ಬೆಲೆಯ ಕೆಲಸ ಹೊರಗೆ ಹೋಯಿತು. ವಾರಕ್ಕೊಮ್ಮೆ ಎಸೆದ ಹೂವಿನ ಲೆಕ್ಕ. ಕೌಂಟರ್‌ನಲ್ಲಿ ಚಿಕ್ಕ ಬೊಕೆ ಕೇಳಿ ಬಂದವರು ನಿಮ್ಮ ಮಾತಿನಿಂದ ಹೂದಾನಿ ಸಮೇತ ಕೊಂಡರೆ ಅದೂ ಬರೆಯಿರಿ. ಅಂಥ ಪುಸ್ತಕ ಮೇಜಿನ ಮೇಲೆ ಇಟ್ಟವರಿಗೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಗುಣಕ್ಕೆ ನಾನು ಕಣ್ಣುಮುಚ್ಚಿ ಜಾಸ್ತಿ ಕೊಡುತ್ತೇನೆ. ಬದಲಿ ಹೂ ಗೊತ್ತಿರುವವರು. ಫೆಬ್ರವರಿ 14ರ ಹತ್ತಿರ ಕೆಂಪು ಗುಲಾಬಿ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ನೆದರ್‌ಲ್ಯಾಂಡ್ಸ್‌ನ ಆಲ್ಸ್‌ಮೀರ್ ಹರಾಜಿನಲ್ಲಿ ಬೆಲೆ ಗಡಿಯಾರದ ಮುಳ್ಳು ಮೇಲಿಂದ ಕೆಳಗೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ಕೊರತೆ ಇದ್ದ ದಿನ ಮುಳ್ಳು ಇಳಿಯಲು ಯಾರೂ ಬಿಡುವುದಿಲ್ಲ. ಕೀನ್ಯಾ, ಈಕ್ವಡಾರ್, ಕೊಲಂಬಿಯಾದಿಂದ ವಿಮಾನದಲ್ಲಿ ಬರುವ ಹೂವಿಗೆ ಸಾಗಣೆ ದರ, ಡಾಲರ್ ದರ ಎಲ್ಲ ಅಂಟಿಕೊಂಡಿರುತ್ತದೆ. ನಾನೋ ಗಿರಾಕಿಗೆ ತಿಂಗಳ ಹಿಂದೆಯೇ ಒಂದು ಬೆಲೆ ಹೇಳಿರುತ್ತೇನೆ. ಆಗ ಬೆಂಚಿನಲ್ಲಿ ನಿಂತವರು "ಇದರ ಬದಲು ರನನ್‌ಕ್ಯುಲಸ್ ಹಾಕೋಣ, ಬಣ್ಣ ಕೆಡುವುದಿಲ್ಲ" ಅಂದರೆ ಆ ದಿನದ ಲಾಭ ಉಳಿಯಿತು. ಇದು ಕೋರ್ಸ್‌ನಲ್ಲಿ ಬರುವುದಿಲ್ಲ, ಕೊಳ್ಳುವ ಬಿಲ್ ಓದಿದವರಿಗೆ ಬರುತ್ತದೆ. ಸಗಟು ಬಿಲ್ ತೋರಿಸಿ ಅಂತ ಕೇಳಿ ನೋಡಿ.

ಸೋಮವಾರದ_ಹೂದಾನಿ

ಮದುವೆ, ಅಂಗಡಿ ಎರಡನ್ನೇ ಮಾತಾಡುತ್ತಿದ್ದೀರಿ. ಮೂರನೆಯದೊಂದಿದೆ, ಸದ್ದಿಲ್ಲದೆ ದುಡ್ಡು ಬರುವಂಥದ್ದು. ಹೋಟೆಲ್ ಲಾಬಿ, ಆಫೀಸಿನ ಸ್ವಾಗತ ಮೇಜು, ಇವಕ್ಕೆ ವಾರಕ್ಕೊಮ್ಮೆ ಹೂ ಬದಲಿಸುವ ಗುತ್ತಿಗೆ. ನಾನು ಇರುವುದು ಅಲ್ಲೇ.

ಸೋಮವಾರ ಬೆಳಿಗ್ಗೆ ಕೆಲಸ, ಹಗಲು ಹೊತ್ತು, ರಾತ್ರಿ ಏಣಿ ಹತ್ತುವುದಿಲ್ಲ. ವರ್ಷಕ್ಕೆ ಒಪ್ಪಂದ, ಹಾಗಾಗಿ ಎಷ್ಟು ದಂಟು ಬೇಕು ಅಂತ ಮೊದಲೇ ಗೊತ್ತು. ವ್ಯರ್ಥ ಬಹಳ ಕಡಿಮೆ. ಅದಕ್ಕೇ ಇಂಥ ತಂಡಗಳು ಡಿಸೈನರ್‌ಗಳನ್ನು ಖಾಯಂ ಇಟ್ಟುಕೊಳ್ಳುತ್ತವೆ. ಫೋಟೋ ಹಾಕಿಕೊಳ್ಳಲು ಆಕರ್ಷಣೆ ಕಡಿಮೆ, ಯಾರೂ ಹೊಗಳುವುದಿಲ್ಲ. ವಾರಗಟ್ಟಲೆ ಬಾಳುವ ಆರ್ಕಿಡ್, ಆಂಥೂರಿಯಂಗಳನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿರಬೇಕು. ಖರ್ಚು ಕಡಿತ ಬಂದರೆ ಮೊದಲು ಕತ್ತರಿ ಬೀಳುವುದೂ ಈ ಹೂವಿಗೇ. 2020ರಲ್ಲಿ ಆಫೀಸುಗಳು ಮುಚ್ಚಿದಾಗ ಈ ಕೆಲಸ ರಾತ್ರೋರಾತ್ರಿ ನಿಂತಿತು.

ಅಂತಿಮ ವಿದಾಯದ ಹೂವಿನ ಕೆಲಸವೂ ಹೀಗೇ. ಮದುವೆಗೆ ಸೀಸನ್ ಇದೆ, ಸಾವಿಗಿಲ್ಲ. ಚಕ್ರಾಕಾರದ ಹಾರ, ಅಕ್ಷರ ಆಕಾರ ಇವನ್ನು ಶುಚಿಯಾಗಿ, ಹೇಳಿದ ಹೊತ್ತಿಗೆ ಮಾಡುವವರನ್ನು ಅಂಗಡಿಗಳು ಬಿಟ್ಟುಕೊಡುವುದಿಲ್ಲ. ಹೊಸಬರು ಮುಖ ಸಿಂಡರಿಸುತ್ತಾರೆ, ಅದಕ್ಕೇ ಕೇಳಿದಷ್ಟು ಸಿಗುತ್ತದೆ.

ಮುಳ್ಳಿನ_ಮಾತು

ಇದನ್ನು ಎಲ್ಲ ಹೊಸಬರೂ ಓದಬೇಕು. ಜೊತೆಗೆ ಒಂದು: "ಅನುಭವಕ್ಕಾಗಿ ಬನ್ನಿ, ಊಟ ಕೊಡುತ್ತೇವೆ" ಅನ್ನುವ ದೊಡ್ಡ ತಂಡಗಳಿಗೆ ಹೋಗಬೇಡಿ. ಬಿಟ್ಟಿ ಕೈಗಳು ಸಿಗುವ ತನಕ ದಿನದ ದರ ಏರುವುದಿಲ್ಲ, ನಿಮ್ಮದೂ ಏರುವುದಿಲ್ಲ, ನನ್ನದೂ ಏರುವುದಿಲ್ಲ.

ಎಸಳು_ಎಣಿಸುವವಳು

ಅಂಗಡಿಗೆ ಸೇರುತ್ತಿದ್ದೇನೆ. ಸಗಟು ಬಿಲ್ ನೋಡಲು ಬಿಡುತ್ತೀರಾ ಅಂತ ಕೇಳಿದೆ, ಸ್ವಲ್ಪ ಆಶ್ಚರ್ಯಪಟ್ಟು ಒಪ್ಪಿದರು. 6 ತಿಂಗಳ ಮಾತನ್ನು ತಾರೀಖು ಸಮೇತ ಪತ್ರದಲ್ಲಿ ಬರೆಸಿಕೊಂಡೆ. ಸಮಾರಂಭದ ತಂಡ "ರಜೆ ದಿನ ಬನ್ನಿ" ಅಂತ ಬಾಗಿಲು ತೆರೆದಿಟ್ಟಿದೆ. ಎರಡನ್ನೂ ಹಿಡಿಯಬಹುದಾ?

ಏಣಿ_ಮೇಲಿನವಳು

ಹಿಡಿಯಬಹುದು, ಆದರೆ ಮದುವೆ ಇರುವ ಶನಿವಾರವೇ ಅಂಗಡಿಯಲ್ಲೂ ಗಿರಾಕಿ ಜಾಸ್ತಿ. ನಿಮಗೆ ರಜೆ ಸಿಗುವುದು ವಾರದ ಮಧ್ಯೆ. ಹಾಗಾಗಿ ಕಟ್ಟುವ ದಿನಕ್ಕೆ ಅಲ್ಲ, ಹೂ ಸಿದ್ಧ ಮಾಡುವ ದಿನಕ್ಕೆ ಬರುತ್ತೇನೆ ಅನ್ನಿ. ಬುಧವಾರ ಗುರುವಾರ ಅವರಿಗೂ ಕೈ ಸಾಲದು. ಅಂಗಡಿಯ ಪತ್ರದಲ್ಲಿ ಹೊರಗಿನ ಕೆಲಸ ಮಾಡಬಾರದು ಅನ್ನುವ ಸಾಲು ಇದೆಯಾ ಅಂತ ಸಹಿ ಹಾಕುವ ಮುಂಚೆ ನೋಡಿ.

ತಂಡದವರಿಗೆ ಗಂಟೆ ಲೆಕ್ಕದಲ್ಲೇ ದರ ಹೇಳಿ, ದಿನದ ಲೆಕ್ಕ ಬೇಡ. 10 ಗಂಟೆ ದಾಟಿದರೆ ಒಂದೂವರೆ ಪಟ್ಟು, ರಾತ್ರಿ ಬಿಚ್ಚುವ ಕೆಲಸಕ್ಕೆ ಪ್ರತ್ಯೇಕ, ಪ್ರಯಾಣದ ಹೊತ್ತೂ ಗಂಟೆಗೆ ಸೇರಿದ್ದು. ಮೆಸೇಜಿನಲ್ಲಿ ಬರೆದು ಕಳಿಸಿ, ಅವರು "ಸರಿ" ಅಂತ ಉತ್ತರ ಹಾಕಿದ ಮೇಲೆ ಹೊರಡಿ.